ರೈಲು ಕಾಣದ ಕೊಳಕೂರಿಗೆ ಆಟದ ರೈಲಾದರೂ ಬರಲಿ

ರೈಲಿನ ವಿಷಯದಲ್ಲಿ ನಮ್ಮ ಜಿಲ್ಲೆಯ ಮಂದಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಸೊಲ್ಲಾಪುರದಿಂದ ರಾಯಚೂರಿಗೆ ಹಳಿ ಬಿದ್ದದ್ದು 1871ರಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಆಮೇಲೆ? ಕಲಬುರಗಿ-ಬೀದರ 110 ಕಿಲೋಮೀಟರು ದಾರಿಗೆ ಎರಡು ದಶಕ ಕಾದು, 2017ರ ಅಕ್ಟೋಬರ 29ರಂದು ರೈಲು ಕಂಡೆವು. 2014ರಲ್ಲಿ ಸಾರಿದ ಕಲಬುರಗಿ ರೇಲ್ವೆ ವಿಭಾಗದ ಮಾತಂತೂ ಕೇಳಲೇಬೇಡಿ. ಹತ್ತು ವರ್ಷ ಕಳೆದರೂ ಕಚೇರಿಯ ಬಾಗಿಲು ತೆರೆಯಲಿಲ್ಲ. ಜೇವರ್ಗಿ ತಾಲೂಕಿನವರದು ಇನ್ನೊಂದು ಕಥೆ. ತಾಲೂಕಿನ ಪೇಟೆಗೇ ರೈಲು ನಿಲ್ದಾಣ ಇಲ್ಲ. ಹೊಳೆ ದಾಟಿ ಹೋಗಿ ರೈಲು ಹತ್ತಬೇಕು. ಹಾಗಿರುವಾಗ ಕೊಳಕೂರಿನಂಥ ಊರಿನ ಹುಡುಗರಿಗೆ ರೈಲು ಎಂದರೆ ಪಾಠಪುಸ್ತಕದ ಚಿತ್ರ, ಇಲ್ಲವೆ ದುಡಿಯಲು ಪುಣೆಗೋ ಮುಂಬೈಗೋ ಹೊರಟ ಅಪ್ಪನನ್ನು ಒಯ್ಯುವ ಗಾಡಿ.

ದೊಡ್ಡ ರೈಲು ಬರುವಾಗ ಬರಲಿ. ಅದನ್ನು ಕೇಳುವುದನ್ನು ಬಿಡುವುದು ಬೇಡ. ಆದರೆ ಅಲ್ಲಿಯವರೆಗೆ ಒಂದು ಸಣ್ಣ ರೈಲು ಕೊಳಕೂರಿನ ಶಾಲೆಯ ಅಂಗಳಕ್ಕೆ ಬರಬಹುದು. ಅದಕ್ಕೆ ದಿಲ್ಲಿಯ ಮಂಜೂರಾತಿ ಬೇಡ, ಭೂಸ್ವಾಧೀನ ಬೇಡ, ಶಂಕುಸ್ಥಾಪನೆಯ ಕಲ್ಲೂ ಬೇಡ. ಅದು ಮಕ್ಕಳ ಕೈಯಿಂದಲೇ ಆಗುವ, ಕಂಪ್ಯೂಟರಿನ ಹುಕುಮಿನಂತೆ ತಾನೇ ಓಡಿ ತಾನೇ ನಿಲ್ಲುವ, ಎರಡು ಗೇಣಿನ ಎಂಜಿನ್ನಿನ ರೈಲು. ಈ ಅಂಕಣದ ಇಂದಿನ ವಾದ ಇಷ್ಟೇ.

‘ಜುಟ್ಟಿಗೆ ಮಲ್ಲಿಗೆ ಹೂವೇನ್ರಿ?’

ಈ ಮಾತು ಎತ್ತಿದ ಕೂಡಲೆ ಕಟ್ಟೆಯ ಮೇಲೆ ಕುಳಿತವರು ಏನೆನ್ನುತ್ತಾರೆ ಎಂಬುದು ಗೊತ್ತಿರುವುದೇ. ‘ಏನ್ರಿ ಇದು, ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವ ಅಂದಂಗಾತು. ನಮ್ಮೂರಿಗಿ ಬಸ್ಸೇ ಟೈಮಿಗಿ ಬರಂಗಿಲ್ಲ, ನೀವು ಆಟದ ರೈಲು ತರ್ತೀನಂತೀರಿ. ಅದು ಸಾಹುಕಾರ ಮಕ್ಕಳ ಶೋಕಿ ಅದ, ನಮ್ಮಂಥೋರಿಗಿ ಯಾಕ?’

ಅವರ ಮಾತಿನಲ್ಲಿ ಅರ್ಧ ಸತ್ಯ ಉಂಟು. ತೋಟದಲ್ಲಿ ಓಡಿಸುವ ಮಾದರಿ ರೈಲು ಹುಟ್ಟಿದ್ದೇ ಉಳ್ಳವರ ದೇಶದಲ್ಲಿ. ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಎಂಬ ಹೆಸರಿನಲ್ಲಿ 45 ಮಿಲಿಮೀಟರು ಅಗಲದ ಹಳಿಯ ರೈಲು ಪೇಟೆಗೆ ಬಿಟ್ಟಿತು. ನಿಜವಾದ ರೈಲಿನ ಇಪ್ಪತ್ತೆರಡೂವರೆಯಲ್ಲೊಂದು ಪಾಲು ಅಳತೆ. ಮಳೆ ಬಿಸಿಲಿನಲ್ಲಿ ಹೊರಗೇ ಇಡಬಹುದು. ಅಂಥದ್ದನ್ನು ಇವತ್ತು ಪರದೇಶದಿಂದ ತರಿಸಲು ಹೋದರೆ ಹತ್ತಾರು ಸಾವಿರ ರೂಪಾಯಿ ಕೈ ಬಿಡುತ್ತದೆ. ಅದನ್ನು ತರಿಸಿರೆಂದು ಇಲ್ಲಿ ಯಾರೂ ಹೇಳುತ್ತಿಲ್ಲ.

ಆದರೆ ಉಳಿದರ್ಧ ಸತ್ಯವನ್ನೂ ಕೇಳಬೇಕು. ಅಮೆರಿಕದ ಎಂಐಟಿ ಎಂಬ ಹೆಸರಾಂತ ವಿದ್ಯಾಸಂಸ್ಥೆಯಲ್ಲಿ 1946ರಲ್ಲಿ ವಿದ್ಯಾರ್ಥಿಗಳು ಒಂದು ಮಾದರಿ ರೈಲಿನ ಸಂಘ ಕಟ್ಟಿದರು. ಟೆಲಿಫೋನಿನ ರಿಲೇಗಳನ್ನು ಕೂಡಿಸಿ, ತಂತಿಗೆ ತಂತಿ ಹೆಣೆದು, ಮೇಜಿನ ಮೇಲಿನ ರೈಲಿಗೆ ಸಿಗ್ನಲ್ಲು ಮಾಡಿದರು. ಅದೇ ಹುಡುಗರಲ್ಲಿ ಕೆಲವರು 1950ರ ದಶಕದ ಕೊನೆಗೆ ಸಂಸ್ಥೆಯ ಟಿಎಕ್ಸ್-0 ಎಂಬ ಕಂಪ್ಯೂಟರಿನ ಮುಂದೆ ರಾತ್ರಿ ಹಗಲು ಕೂತರು. 1961ರಲ್ಲಿ ಬಂದ ಪಿಡಿಪಿ-1 ಯಂತ್ರದ ಮೇಲೆ 1962ರಲ್ಲಿ ‘ಸ್ಪೇಸ್‌ವಾರ್’ ಎಂಬ ಆಟ ಬರೆದರು. ಇವತ್ತು ಲೋಕದ ಬಾಯಲ್ಲಿರುವ ‘ಹ್ಯಾಕರ್’ ಎಂಬ ಮಾತು ಚಲಾವಣೆಗೆ ಬಂದದ್ದೂ ಆ ರೈಲು ಸಂಘದ ಹುಡುಗರ ನಡುವೆ. ಆಟದ ರೈಲಿನಿಂದ ಎಲ್ಲಿಗೆ ಹೋಗಬಹುದು ಎನ್ನುವವರಿಗೆ ಇದು ಉತ್ತರ.

ಅಷ್ಟು ದೂರ ಯಾಕೆ? ಪುಣೆಯಲ್ಲಿ ಜೋಶಿ ಎಂಬವರು ಹವ್ಯಾಸವಾಗಿ ಕಟ್ಟಿದ ಪುಟ್ಟ ರೈಲುಗಳ ಸಂಗ್ರಹಾಲಯ 1998ರಿಂದ ಇದೆ. ನಮ್ಮವರು ಕೂಲಿಗೆ ಹೋಗುವ ಅದೇ ಪುಣೆ. ಮೈಸೂರಿನಲ್ಲಿ ರೇಲ್ವೆ ಮ್ಯೂಜಿಯಂ ಆದದ್ದು 1979ರಲ್ಲಿ, ಹುಬ್ಬಳ್ಳಿಯಲ್ಲಿ ಆದದ್ದು 2020ರಲ್ಲಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ಮಕ್ಕಳನ್ನು ಕೂರಿಸಿಕೊಂಡು ತಿರುಗುವ ಪುಟಾಣಿ ರೈಲು ಉಂಟು. ಜೇವರ್ಗಿಯ ಮಗು ಇವನ್ನೆಲ್ಲ ಯಾವಾಗ ನೋಡಬೇಕು?

ಏಳು ಸಾವಿರದ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಕಂಪ್ಯೂಟರು ಎಂದರೆ ಅರ್ಧ ಲಕ್ಷದ ಪೆಟ್ಟಿಗೆ ಎಂಬ ಕಾಲ ಹೋಗಿ ವರ್ಷಗಳಾದವು. ಇಟಲಿಯ ಇವ್ರೇಯಾ ಎಂಬ ಊರಿನ ಮೇಷ್ಟ್ರುಗಳು 2005ರಲ್ಲಿ ವಿದ್ಯಾರ್ಥಿಗಳ ಕೈಗೆಟುಕಲೆಂದು ‘ಅರ್ಡುಯಿನೊ’ ಎಂಬ ಸಣ್ಣ ಹಲಗೆ ತಂದರು. ಅದರ ದಾರಿಯಲ್ಲೇ ಬಂದ ‘ಇಎಸ್‌ಪಿ-32’ ಎಂಬ ಹಲಗೆ ನಮ್ಮ ಎರಡು ಬೆರಳಿನಷ್ಟು ಅಗಲ. ಅದರಲ್ಲೇ ವೈಫೈ ಉಂಟು. ಬೆಲೆ ನಾನೂರರಿಂದ ಐನೂರು ರೂಪಾಯಿ. ಇಂಟರ್ನೆಟ್ಟೂ ಬೇಡ, ತಾನೇ ತನ್ನ ಸುತ್ತ ಒಂದು ಸಣ್ಣ ಜಾಲ ಮಾಡಿಕೊಳ್ಳುತ್ತದೆ. ಸಾಫ್ಟ್‌ವೇರಿಗೆ ಕಾಸಿಲ್ಲ. ಶಾಲೆಯ ಕೋಣೆಯಲ್ಲಿ ಬೀಗ ಹಾಕಿಟ್ಟ ಹಳೆಯ ಕಂಪ್ಯೂಟರು ಇದ್ದರೆ ಪ್ರೋಗ್ರಾಂ ಬರೆಯಲು ಅದೇ ಸಾಕು.

ಇಂಥ ಹಲಗೆ ಮೂರು ಬೇಕು: ಎರಡು ಎಂಜಿನ್ನಿಗೆ, ಒಂದು ‘ಸ್ಟೇಶನ್ ಮಾಸ್ತರ’ನಿಗೆ. ಮೋಟಾರು, ಅದನ್ನು ನಡೆಸುವ ಸಣ್ಣ ಸರ್ಕಿಟ್ಟು, ಬ್ಯಾಟರಿ, ಚಾರ್ಜರು, ಎಂಟು ರೀಡ್ ಸ್ವಿಚ್ಚು, ಅಯಸ್ಕಾಂತ, ಕೆಂಪು-ಹಸಿರು ಎಲ್‌ಇಡಿ ದೀಪ ಎಲ್ಲ ಸೇರಿ ಅಂದಾಜು ಮೂರೂವರೆ ಸಾವಿರ. ಹಳಿಗೆ ಹಾರ್ಡ್‌ವೇರ್ ಅಂಗಡಿಯ ಅಲ್ಯುಮಿನಿಯಂ ಪಟ್ಟಿ, ಲೇತಿನಲ್ಲಿ ತಿರುವಿಸಿದ ಅಂಚುಳ್ಳ ಗಾಲಿ: ಎರಡೂವರೆ ಸಾವಿರ. ಸ್ಲೀಪರಿಗೆ ಬಡಿಗೇರ ಅಂಗಡಿಯ ಚೂರು ಕಟ್ಟಿಗೆ. ಸೆಟ್‌ರೈಟಿಗೆಂದು ಇನ್ನೊಂದು ಸಾವಿರ ಹಿಡಿಯಿರಿ. ಒಟ್ಟು ಏಳು ಸಾವಿರ. ಊರಿಗೆ ಬಂದ ನಾಯಕರಿಗೆ ಹಾಕುವ ಹೂವಿನ ಹಾರ, ಶಾಲು, ಫ್ಲೆಕ್ಸು ಬೋರ್ಡಿನ ಖರ್ಚು ಇದಕ್ಕಿಂತ ಕಡಿಮೆಯೇ? ಊರವರೇ ಲೆಕ್ಕ ಹಾಕಲಿ.

ಎರಿ ಭೂಮಿ, ಫರಸಿ ಕಲ್ಲು

ತೋಟದ ರೈಲಿಗೆ ಮೊದಲ ಪರೀಕ್ಷೆ ಕಂಪ್ಯೂಟರಿನದಲ್ಲ, ನೆಲದ್ದು. ನಮ್ಮದು ಎರಿ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರ ಹಳಿ ಹಾಕಿದರೆ ಒಂದು ಮುಂಗಾರಿಗೇ ಹಾವಿನ ಹಾಗೆ ಡೊಂಕಾದೀತು. ಆದರೆ ನಮ್ಮ ಜಿಲ್ಲೆಯಲ್ಲಿ ಶಹಾಬಾದ ಫರಸಿಗೆ ಏನು ಬರ? ಒಂದಡಿ ಅಗೆದು ಮುರುಮು ತುಂಬಿ, ಬಡಿದು, ಅದರ ಮೇಲೆ ಒಡೆದ ಫರಸಿ ತುಂಡು ಕೂರಿಸಿದರೆ ಹಳಿಗೆ ಅದಕ್ಕಿಂತ ಒಳ್ಳೆಯ ಹಾಸು ಬೇಕಿಲ್ಲ. ಜರ್ಮನಿಯವನಿಗೆ ಈ ಭಾಗ್ಯ ಇಲ್ಲ.

ನಾಲ್ಕು ಮೀಟರು ಅಡ್ಡಗಲದ ಒಂದು ವೃತ್ತ ಸಾಕು. ಸುತ್ತಳತೆ ಹನ್ನೆರಡೂವರೆ ಮೀಟರು. ಇಲ್ಲಿಂದಲೇ ಗಣಿತದ ತಾಸು ಶುರು. ಒಳ ಹಳಿಗೂ ಹೊರ ಹಳಿಗೂ ಎಷ್ಟು ವ್ಯತ್ಯಾಸ? ಎರಡು ಪೈ ಗುಣಿಲೆ 45 ಮಿಲಿಮೀಟರು, ಅಂದರೆ ಸುಮಾರು 28 ಸೆಂಟಿಮೀಟರು. ವೃತ್ತ ಶಾಲೆಯ ಅಂಗಳದಷ್ಟಿರಲಿ, ಜೇವರ್ಗಿ ತಾಲೂಕಿನಷ್ಟಿರಲಿ, ವ್ಯತ್ಯಾಸ ಅದೇ 28 ಸೆಂಟಿಮೀಟರು. ಇದನ್ನು ಹಲಗೆಯ ಮೇಲೆ ಬರೆದರೆ ಹುಡುಗ ಮರೆಯುತ್ತಾನೆ. ತಾನೇ ಹಳಿ ಕೊಯ್ದು ಹೊರಗಡೆಯದು ಗಿಡ್ಡ ಬಿದ್ದಾಗ ಜನ್ಮದಲ್ಲಿ ಮರೆಯುವುದಿಲ್ಲ.

ಬಿಸಿಲಿನ ಪಾಠ ಇನ್ನೊಂದು. ಮೇ ತಿಂಗಳಲ್ಲಿ 43 ಡಿಗ್ರಿ ಮುಟ್ಟುವ ಊರು ನಮ್ಮದು. ಹನ್ನೆರಡೂವರೆ ಮೀಟರು ಅಲ್ಯುಮಿನಿಯಂ ಪಟ್ಟಿ 30 ಡಿಗ್ರಿ ಏರಿದರೆ ಎಂಟೊಂಬತ್ತು ಮಿಲಿಮೀಟರು ಹಿಗ್ಗುತ್ತದೆ. ಕೂಡು ಜಾಗದಲ್ಲಿ ಸಂದು ಬಿಡದಿದ್ದರೆ ಹಳಿ ಎದ್ದು ಕೂರುತ್ತದೆ. ದೊಡ್ಡ ಹಳಿಗೂ ಇದೇ ಕಾಟ. ಒಂಬತ್ತನೆಯ ಇಯತ್ತೆಯ ವಿಜ್ಞಾನ ಇಲ್ಲಿ ಅಂಗಳದಲ್ಲೇ ಬಿದ್ದಿದೆ.

ಹಳಿಯಲ್ಲಿ ಕರೆಂಟು ಹರಿಸುವ ಪದ್ಧತಿ ನಮಗೆ ಬೇಡ. ಧೂಳು, ಮಣ್ಣು ಕೂತರೆ ಗಾಲಿಗೆ ಕರೆಂಟು ಮುಟ್ಟುವುದಿಲ್ಲ. ದಿನಾ ಒರೆಸುತ್ತ ಕೂರಬೇಕು. ಬ್ಯಾಟರಿ ಎಂಜಿನ್ನಿನ ಹೊಟ್ಟೆಯಲ್ಲೇ ಇರಲಿ. ಆಗ ಹೊಲದ ಲೈನಿನ ಕರೆಂಟು ಹೋದರೂ ಕೊಳಕೂರಿನ ರೈಲು ನಿಲ್ಲುವುದಿಲ್ಲ.

ಸ್ಟೇಶನ್ ಮಾಸ್ತರನ ಬುದ್ಧಿ

ಈಗ ಮುಖ್ಯ ಸಂಗತಿ. ಎರಡು ರೈಲು ಒಂದೇ ಹಳಿಯ ಮೇಲೆ, ಒಂದೇ ದಿಕ್ಕಿಗೆ, ಯಾರೂ ಕೈ ಹಚ್ಚದೆ, ಡಿಕ್ಕಿ ಹೊಡೆಯದೆ ಸುತ್ತಬೇಕು. ಹೇಗೆ?

ವೃತ್ತವನ್ನು ನಾಲ್ಕು ಪಾಲು ಮಾಡಬೇಕು. ದೊಡ್ಡ ರೇಲ್ವೆಯಲ್ಲಿ ಇದಕ್ಕೆ ‘ಬ್ಲಾಕು’ ಎನ್ನುತ್ತಾರೆ. ಕಾಯದೆ ಒಂದೇ: ಒಂದು ಬ್ಲಾಕಿನಲ್ಲಿ ಒಂದೇ ರೈಲು. ಮುಂದಿನ ಬ್ಲಾಕು ಖಾಲಿ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಬ್ಲಾಕಿನ ಗಡಿಯಲ್ಲಿ ಹಳಿಯ ನಡುವೆ ರೀಡ್ ಸ್ವಿಚ್ಚು ಹೂತಿಡಬೇಕು, ರೈಲಿನ ಹೊಟ್ಟೆಗೆ ಅಯಸ್ಕಾಂತ ಅಂಟಿಸಬೇಕು. ಮೇಲಿನಿಂದ ಹಾಯ್ದಾಗ ಸ್ವಿಚ್ಚು ಕೂಡಿಕೊಂಡು ಮಾಸ್ತರನಿಗೆ ಸುದ್ದಿ ಹೋಗುತ್ತದೆ. ಬೆಳಕಿನ ಸೆನ್ಸಾರು ಸೋವಿಯೇ, ಆದರೆ ನಮ್ಮ ಬಿಸಿಲಿನಲ್ಲಿ ಅದಕ್ಕೆ ಕಣ್ಣು ಕೋರೈಸುತ್ತದೆ. ರೈಲು ಬಂದರೂ ಒಂದೇ, ಬಾರದಿದ್ದರೂ ಒಂದೇ. ಅಯಸ್ಕಾಂತಕ್ಕೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ.

ಅಯಸ್ಕಾಂತ ಎಂಜಿನ್ನಿಗೆ ಒಂದು ಸಾಲದು, ಕೊನೆಯ ಡಬ್ಬಿಗೂ ಒಂದು ಬೇಕು. ಎಂಜಿನ್ನು ಮುಂದಿನ ಬ್ಲಾಕಿಗೆ ಹೊಕ್ಕರೂ ಬಾಲ ಹಿಂದಿನ ಬ್ಲಾಕಿನಲ್ಲೇ ಇರುತ್ತದಲ್ಲ? ಬಾಲ ದಾಟಿದ ಮೇಲೆಯೇ ಹಿಂದಿನ ಬ್ಲಾಕು ಖಾಲಿ. ರೈಲಿನ ಕೊನೆಯ ಡಬ್ಬಿಯ ಹಿಂದೆ ‘ಎಲ್‌ವಿ’ ಎಂದು ಬರೆದ ಫಲಕ ನೇತಾಡುವುದನ್ನು ಶಹಾಬಾದಿನಲ್ಲೋ ವಾಡಿಯಲ್ಲೋ ನಿಂತವರು ನೋಡಿರಬೇಕು. ಅದು ‘ಕೊನೆಯ ಡಬ್ಬಿ ಇದೇ’ ಎಂಬ ಗುರುತು. ಅದು ಕಂಡರೆ ರೈಲು ಪೂರಾ ಬಂತು, ನಡುವೆ ಎಲ್ಲೂ ಕಳಚಿ ಉಳಿದಿಲ್ಲ ಎಂದರ್ಥ. ಕೊಳಕೂರಿನ ಅಯಸ್ಕಾಂತವೂ ಅದೇ ಕೆಲಸ ಮಾಡುತ್ತದೆ.

ಇಲ್ಲಿ ಒಂದು ಸೂಕ್ಷ್ಮ. ಸ್ವಿಚ್ಚು ಕೂಡುವಾಗ ಅದರ ತಗಡು ಕಣ್ಣಿಗೆ ಕಾಣದಷ್ಟು ಬೇಗ ಎರಡು ಮೂರು ಸಲ ಅದುರುತ್ತದೆ. ಕಂಪ್ಯೂಟರು ಅದನ್ನೂ ಎಣಿಸುತ್ತದೆ. ಎಂಜಿನ್ನು ಒಂದೇ ಸಲ ಹಾಯ್ದರೂ ‘ಒಂದು, ಎರಡು’ ಎಂದು ಎಣಿಸಿ, ಬಾಲವೂ ದಾಟಿತು ಎಂದುಕೊಂಡು, ಹಿಂದಿನ ರೈಲಿಗೆ ಹಸಿರು ಕೊಟ್ಟರೆ ಕಥೆ ಮುಗಿಯಿತು. ಅದಕ್ಕೇ ಒಮ್ಮೆ ಎಣಿಸಿದ ಮೇಲೆ 50 ಮಿಲಿಸೆಕೆಂಡು ಕಿವಿ ಮುಚ್ಚಿಕೊ ಎಂದು ಪ್ರೋಗ್ರಾಮಿನಲ್ಲಿ ಬರೆಯಬೇಕು. ಹುಡುಗರೇ ಇದನ್ನು ಹುಡುಕಿ ಹಿಡಿಯಬೇಕು. ಹಿಡಿದ ದಿನ ಅವರು ಬೇರೆಯೇ ಹುಡುಗರಾಗುತ್ತಾರೆ.

ಇನ್ನೆರಡು ಕಾಯದೆ. ಮಾಸ್ತರನಿಂದ ಒಂದು ಸೆಕೆಂಡು ಸುದ್ದಿ ಬಾರದಿದ್ದರೆ ಎಂಜಿನ್ನು ತಾನಾಗಿ ನಿಲ್ಲಬೇಕು. ಹೊರಟ ರೈಲು ಹತ್ತು ಸೆಕೆಂಡಿನೊಳಗೆ ಮುಂದಿನ ಸ್ವಿಚ್ಚು ಮುಟ್ಟದಿದ್ದರೆ ಎಲ್ಲ ರೈಲೂ ನಿಲ್ಲಬೇಕು. ಹಳಿಯ ಮೇಲೆ ಮೇಕೆ ಮಲಗಿರಬಹುದು, ತಂತಿಯನ್ನು ಇಲಿ ಕಡಿದಿರಬಹುದು. ಒಂದೇ ಮಾತಿನಲ್ಲಿ ಹೇಳುವುದಾದರೆ: ಕೆಟ್ಟರೆ ಕೆಂಪು, ಕಡಿದರೆ ಕೆಂಪು, ಗೊತ್ತಾಗದಿದ್ದರೂ ಕೆಂಪು. ಲೋಕದ ಎಲ್ಲ ರೇಲ್ವೆಯ ಸಿಗ್ನಲ್ಲಿನ ಮೂಲಮಂತ್ರವೇ ಇದು.

ಆಟವೆಂದು ನಗುವವರು ಕೇಳಲಿ

ಈ ಮಂತ್ರ ತಪ್ಪಿದರೆ ಏನಾಗುತ್ತದೆ? 2023ರ ಜೂನ್ 2ರಂದು ಒಡಿಶಾದ ಬಾಲಸೋರ ಜಿಲ್ಲೆಯ ಬಹಾನಗಾ ಬಜಾರ ನಿಲ್ದಾಣದಲ್ಲಿ ಕೋರಮಂಡಲ ಎಕ್ಸ್‌ಪ್ರೆಸ್ಸು ನೇರ ಹೋಗಬೇಕಾದದ್ದು ಬದಿಯ ಹಳಿಗೆ ತಿರುಗಿ, ನಿಂತ ಗೂಡ್ಸು ಗಾಡಿಗೆ ಬಡಿಯಿತು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ಲಿನ ಪೆಟ್ಟಿಗೆಯಲ್ಲಿ ತಂತಿಯ ಜೋಡಣೆ ತಪ್ಪಿತ್ತು ಎಂದು ರೇಲ್ವೆ ಸುರಕ್ಷಾ ಕಮಿಶನರರ ತನಿಖೆ ಹೇಳಿತು. ಸತ್ತವರಲ್ಲಿ ಬಹುಮಂದಿ ದುಡಿಯಲು ಹೊರಟ ಬಡವರು. ನಮ್ಮ ಜಿಲ್ಲೆಯಿಂದ ಹೋಗುತ್ತಾರಲ್ಲ, ಅಂಥವರೇ.

ರೈಲುಗಳ ಡಿಕ್ಕಿ ತಡೆಯಲು ದೇಶದ ರೇಲ್ವೆ ‘ಕವಚ’ ಎಂಬ ವ್ಯವಸ್ಥೆ ತರುತ್ತಿದೆ. ಚಾಲಕ ಕೆಂಪು ದೀಪ ದಾಟಿದರೆ, ಎದುರು ರೈಲು ಇದ್ದರೆ, ಎಂಜಿನ್ನು ತಾನೇ ಬ್ರೇಕು ಹಾಕುತ್ತದೆ. ಹಳಿಯ ಸ್ಲೀಪರುಗಳಿಗೆ ಗುರುತಿನ ಬಿಲ್ಲೆ ಹಚ್ಚಿರುತ್ತಾರೆ, ಎಂಜಿನ್ನು ಅದನ್ನು ಓದಿ ತಾನೆಲ್ಲಿದ್ದೇನೆಂದು ತಿಳಿಯುತ್ತದೆ, ರೇಡಿಯೋದಲ್ಲಿ ನಿಲ್ದಾಣದೊಂದಿಗೆ ಮಾತಾಡುತ್ತದೆ. ವಾಚಕರು ಗಮನಿಸಬೇಕಾದ ಸಂಗತಿ ಏನೆಂದರೆ, ಈ ಕವಚದ ಮೊದಮೊದಲ ಪರೀಕ್ಷೆಗಳು ನಡೆದದ್ದು ದಕ್ಷಿಣ ಮಧ್ಯ ರೇಲ್ವೆಯ ಲಿಂಗಂಪಲ್ಲಿ-ವಿಕಾರಾಬಾದ-ವಾಡಿ ಮತ್ತು ವಿಕಾರಾಬಾದ-ಬೀದರ ದಾರಿಗಳಲ್ಲಿ. 2016ರ ಫೆಬ್ರುವರಿಯಲ್ಲಿ ಪ್ರಯಾಣಿಕರ ಗಾಡಿಗಳ ಮೇಲೆ ಪ್ರಯೋಗ ಶುರುವಾಯಿತು. ನಮ್ಮ ವಾಡಿ, ನಮ್ಮ ಬೀದರ! ದೇಶಕ್ಕೆಲ್ಲ ಹರಡಬೇಕಾದ ವಿದ್ಯೆ ನಮ್ಮ ಹಿತ್ತಲಲ್ಲೇ ಪರೀಕ್ಷೆಗೆ ನಿಂತಿತು. ನಮ್ಮ ಶಾಲೆಗಳಿಗೆ ಸುದ್ದಿಯೇ ಮುಟ್ಟಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಉಲ್ಟಾ ಮಾಡಿದ್ದೇವೆ: ಹಿತ್ತಲಲ್ಲಿ ಗಿಡ ಇದೆಯೆಂಬುದೇ ನಮಗೆ ಗೊತ್ತಿಲ್ಲ.

ಕೊಳಕೂರಿನ ಹುಡುಗಿ ಏಳು ಸಾವಿರದ ರೈಲಿನಲ್ಲಿ ಕಲಿಯುವುದು ಇದೇ ಕವಚದ ಅಆಇಈ. ಯಾದಗಿರಿ ಜಿಲ್ಲೆಯ ಕಡೇಚೂರಿನಲ್ಲಿ ರೇಲ್ವೆ ಬೋಗಿಯ ಚೌಕಟ್ಟಿನ ಕಾರ್ಖಾನೆ ಇದೆ, ವಾಡಿಯಲ್ಲಿ ಜಂಕ್ಷನ್ನಿದೆ. ಸಿಗ್ನಲ್ಲು ತಂತ್ರಜ್ಞರು ಬೇಕಾದಾಗ ಹೊರಗಿನಿಂದ ಬಂದರು ಎಂದು ಕೂಗುವ ಬದಲು, ನಮ್ಮವರನ್ನು ತಯಾರು ಮಾಡುವುದು ಎಲ್ಲಿಂದ ಶುರು ಆಗಬೇಕು? ಇಪ್ಪತ್ತೊಂದರ ವಯಸ್ಸಿನಲ್ಲಿ ಅರ್ಜಿ ತುಂಬುವಾಗಲೋ, ಹನ್ನೆರಡರಲ್ಲಿ ತಂತಿ ಹಿಡಿಯುವಾಗಲೋ?

ಹಣ ಇಲ್ಲವೆಂಬ ಮಾತು ಬೇಡ

2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೆ ಕೊನೆ. ನೂರಕ್ಕೆ 42.43 ಮಂದಿ ಪಾಸು. ಆಗ ಎಲ್ಲರೂ ಒಬ್ಬರ ಮೇಲೊಬ್ಬರು ಬೆರಳು ತೋರಿದರು. ಆಟದ ರೈಲು ಓಡಿದರೆ ಫಲಿತಾಂಶ ಏರುತ್ತದೆಂದು ಭರವಸೆ ಕೊಡುವ ಹುಂಬತನ ಇಲ್ಲಿ ಇಲ್ಲ. ಮಾಸ್ತರರ ಖಾಲಿ ಹುದ್ದೆ ತುಂಬಬೇಕು, ಕೋಣೆ ಸೋರುವುದು ನಿಲ್ಲಬೇಕು, ಹತ್ತಿ ಬಿಡಿಸುವ ಹಂಗಾಮಿನಲ್ಲಿ ಮಕ್ಕಳು ಹೊಲಕ್ಕೆ ಹೋಗುವುದು ತಪ್ಪಬೇಕು. ಅವೆಲ್ಲ ಮೊದಲು. ಆದರೆ ಶಾಲೆಗೆ ಹೋಗಲು ಮಗುವಿಗೆ ಒಂದು ಕಾರಣ ಬೇಕಲ್ಲ? ‘ಇವತ್ತು ನನ್ನ ರೈಲು ಯಾಕ ನಿಂತದ ನೋಡಬೇಕು’ ಎಂಬುದು ಒಳ್ಳೆಯ ಕಾರಣವೇ.

ಹಣದ ಮಾತೆತ್ತಿದರೆ, ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಿಂದ ಇದೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ. 371(ಜೆ) ಬಂದ ಮೇಲೆ 2013ರಲ್ಲಿ ಹುಟ್ಟಿದ ನಮ್ಮ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್ಟುಗಳಲ್ಲಿ ವರ್ಷಕ್ಕೆ ಐದು ಸಾವಿರ ಕೋಟಿ ಎಂದು ಸಾರಲಾಗಿದೆ. ಕೋಟಿಯಲ್ಲಿ ಎಣಿಸುವವರಿಗೆ ಏಳು ಸಾವಿರ ಎಂದರೆ ಬರೆಯಲೂ ನಾಚಿಕೆ ಆಗಬಹುದು. ಬಹುಶಃ ಅದೇ ಅಡಚಣೆ. ಟೆಂಡರು ಕರೆಯಲಾಗದಷ್ಟು ಸಣ್ಣ ಕೆಲಸಕ್ಕೆ ಯಾರು ಮುಂದೆ ಬರುತ್ತಾರೆ? ಗೋಡೆಗೆ ಹಾಕುವ ದೊಡ್ಡ ಟಿವಿಗೆ ಬಿಲ್ಲು ಇದೆ, ಉದ್ಘಾಟನೆ ಇದೆ, ಫೋಟೋ ಇದೆ. ಮಗು ಅದನ್ನು ನೋಡುತ್ತ ಕೂರಬಹುದು, ಬಿಚ್ಚುವಂತಿಲ್ಲ. ಈ ರೈಲಿನ ಗುಣವೇ ಅದು ಕೆಡುವುದು, ಮಕ್ಕಳೇ ಬಿಚ್ಚಿ ಕಟ್ಟುವುದು.

ಕಲಿಸುವವರೇ ಇಲ್ಲ ಎನ್ನುವಂತೆಯೂ ಇಲ್ಲ. ಕಲಬುರಗಿಯಲ್ಲಿ 1958ರಿಂದ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜಿದೆ, 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರ ಇದೆ. ಕಾಲೇಜಿನ ನಾಲ್ಕು ವಿದ್ಯಾರ್ಥಿಗಳು ಎರಡು ವಾರ ಬಂದು ನಿಂತರೆ ಅವರ ಪ್ರಾಜೆಕ್ಟೂ ಆಯಿತು, ಊರಿನ ಕೆಲಸವೂ ಆಯಿತು. ಗಾಲಿ ತಿರುವುವವ ಲೇತಿನವ, ಸ್ಲೀಪರು ಕೊಯ್ಯುವವ ಬಡಿಗೇರ, ಫರಸಿ ಕೂರಿಸುವವ ಗೌಂಡಿ. ಅಕ್ಷರ ಬಾರದ ಅಪ್ಪನ ಕಸುಬು ಮಗಳ ಕಂಪ್ಯೂಟರಿಗೆ ಬೇಕಾಗುವ ಸಂದರ್ಭ ಎಲ್ಲಿ ಸಿಗುತ್ತದೆ ಹೇಳಿ?

ಆದ್ದರಿಂದ ಸಂಬಂಧಪಟ್ಟವರಲ್ಲಿ ಬೇಡಿಕೆ ಇಷ್ಟು. ಗ್ರಾಮ ಪಂಚಾಯಿತಿ ಶಾಲೆಯ ಅಂಗಳದಲ್ಲಿ ಐದು ಮೀಟರು ಚೌಕ ಜಾಗಕ್ಕೆ ಬೇಲಿ ಹಾಕಿಸಲಿ. ಶಾಲಾಭಿವೃದ್ಧಿ ಸಮಿತಿ ಏಳು ಸಾವಿರ ಕೂಡಿಸಲಿ. ಪಟ್ಟಿ ಎತ್ತಿದರೆ ಒಂದೇ ಸಂಜೆಯ ಕೆಲಸ. ಕ್ಷೇತ್ರ ಶಿಕ್ಷಣಾಧಿಕಾರಿಗಳು ‘ಪಠ್ಯದಲ್ಲಿ ಇಲ್ಲ’ ಎಂಬ ಕಾಗದ ಬರೆಯದೆ, ವಾರಕ್ಕೆ ಎರಡು ತಾಸು ಬಿಟ್ಟುಕೊಡಲಿ. ಹುಡುಗಿಯರನ್ನು ಸ್ವಾಗತಗೀತೆಗಷ್ಟೇ ನಿಲ್ಲಿಸದೆ ಸ್ಟೇಶನ್ ಮಾಸ್ತರಳ ಕುರ್ಚಿ ಅವರಿಗೇ ಕೊಡಲಿ. ಮೊದಲ ವರ್ಷ ಒಂದು ವೃತ್ತ, ಎರಡನೆಯ ವರ್ಷ ಹಳಿ ಬದಲಿಸುವ ಪಾಯಿಂಟು, ಮೂರನೆಯ ವರ್ಷ ಗುರುತಿನ ಬಿಲ್ಲೆ ಓದುವ ಸಣ್ಣ ಕವಚ. ಅವಸರ ಬೇಡ. ಸರಕಾರದ ರೈಲಿಗೆ ನೂರೈವತ್ತು ವರ್ಷ ಕಾದವರು ನಾವು, ಮಕ್ಕಳ ರೈಲಿಗೆ ಮೂರು ವರ್ಷ ಕಾಯಲಾರೆವೆ?

ಒಂದು ಷರತ್ತು ಮಾತ್ರ ಇರಲಿ. ಉದ್ಘಾಟನೆಗೆ ಯಾರನ್ನೂ ಕರೆಯಬೇಡಿ. ಹಸಿರು ದೀಪ ಹಾಕುವ ಕೆಲಸ, ಪ್ರೋಗ್ರಾಂ ಬರೆದ ಮಗುವಿನದು.